ಕಾಯುವ ದೇಹವೇ ಕಾಡಿದಾಗ

ಹೊಲದಲ್ಲಿ ಕುಡುಗೋಲು ತಗುಲಿ ಒಬ್ಬನ ಮೈಯಿಂದ ಮುಕ್ಕಾಲು ಲೀಟರ್ ರಕ್ತ ಸೋರಿಹೋಯಿತು ಎಂದುಕೊಳ್ಳೋಣ. ಮೈಯಲ್ಲಿರುವುದೇ ಸುಮಾರು 5 ಲೀಟರ್. ಆದರೂ ಆತ ಬದುಕುತ್ತಾನೆ. ಗಾಯಕ್ಕೆ ಬಟ್ಟೆ ಕಟ್ಟುವ ಮೊದಲೇ, ಅವನ ಅರಿವಿಗೂ ಬಾರದಂತೆ, ದೇಹ ತನ್ನ ಕೆಲಸ ಶುರುಮಾಡಿರುತ್ತದೆ. ಕುತ್ತಿಗೆಯ ರಕ್ತನಾಳದ ಗೋಡೆಯಲ್ಲೂ ಮಹಾಪಧಮನಿಯ ಬಾಗಿನಲ್ಲೂ ಒತ್ತಡವನ್ನು ಸದಾ ಗಮನಿಸುವ ನರತುದಿಗಳಿವೆ. ಒತ್ತಡ ಇಳಿದ ಸುದ್ದಿಯನ್ನು ಅವು ಮಿದುಳಿಗೆ ಮುಟ್ಟಿಸುತ್ತವೆ. ಬಡಿತ ಏರುತ್ತದೆ. ಚರ್ಮ, ಕರುಳು, ಕೈಕಾಲುಗಳ ರಕ್ತನಾಳಗಳು ಬಿಗಿದುಕೊಂಡು, ಉಳಿದ ರಕ್ತವನ್ನು ಮಿದುಳಿಗೂ ಹೃದಯಕ್ಕೂ ಬಿಟ್ಟುಕೊಡುತ್ತವೆ. ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತವೆ. ಬಾಯಾರಿಕೆ ಹುಟ್ಟುತ್ತದೆ. ಗಾಯ, ಭೇದಿ, ಬರ, ಹೆರಿಗೆಯ ರಕ್ತಸ್ರಾವ ಇವುಗಳ ನಡುವೆ ಲಕ್ಷಾಂತರ ವರ್ಷ ಬದುಕಿ ಬಂದ ಜೀವಕ್ಕೆ ಒದಗಿದ ರಕ್ಷೆ ಇದು.

ಈಗ ಇನ್ನೊಬ್ಬನನ್ನು ನೋಡಿ. ಮೈಮೇಲೆ ಗಾಯವಿಲ್ಲ, ಒಂದು ಹನಿ ರಕ್ತವೂ ಹೋಗಿಲ್ಲ. ಎರಡು ವರ್ಷದ ಹಿಂದೆ ಹೃದಯಾಘಾತವಾಗಿ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿದೆ. ಉಳಿದ ಭಾಗ ಮೊದಲಿನಷ್ಟು ರಕ್ತವನ್ನು ತಳ್ಳಲಾರದು. ಕುತ್ತಿಗೆಯ ನರತುದಿಗಳಿಗೆ, ಮೂತ್ರಪಿಂಡದ ಕೋಶಗಳಿಗೆ ತಿಳಿಯುವುದು ಇಷ್ಟೇ: ಬರಬೇಕಾದಷ್ಟು ರಕ್ತ ಬರುತ್ತಿಲ್ಲ. ಏಕೆ ಬರುತ್ತಿಲ್ಲ ಎಂದು ತಿಳಿಯುವ ದಾರಿ ಅವುಗಳಿಗಿಲ್ಲ. ಹಾಗಾಗಿ ಅವು ಎಂದಿನಂತೆ ಮಾಡಬೇಕಾದ್ದನ್ನೇ ಮಾಡುತ್ತವೆ. ಬಡಿತ ಏರಿಸುತ್ತವೆ, ನಾಳಗಳನ್ನು ಬಿಗಿಯುತ್ತವೆ, ಉಪ್ಪು ನೀರನ್ನು ಕೂಡಿಡುತ್ತವೆ. ಹೊಲದಲ್ಲಿ ಗಾಯಗೊಂಡವನಿಗೆ ಈ ನೆರವು ಎರಡು ಮೂರು ದಿನದ್ದು. ರಕ್ತ ನಿಂತಿತು, ನೀರು ಕುಡಿದ, ಊಟ ಮಾಡಿದ, ಎಲ್ಲವೂ ತಿರುಗಿ ಹದಕ್ಕೆ ಬಂತು. ಎರಡನೆಯವನ ವಿಷಯದಲ್ಲಿ ಕೊರತೆ ತೀರುವುದೇ ಇಲ್ಲ. ಆದ್ದರಿಂದ ನೆರವೂ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಆ ನೆರವಿನ ಭಾರದಲ್ಲೇ ಅವನು ಕುಸಿಯುತ್ತಾನೆ.

ಹೃದಯ ವೈಫಲ್ಯವೆಂಬ ಕಾಯಿಲೆಯಲ್ಲಿ ನನ್ನನ್ನು ಬಿಡದೆ ಕಾಡಿದ ಸಂಗತಿ ಇದೇ. ಹೃದಯ ದುರ್ಬಲವಾಯಿತು ಎನ್ನುವುದು ಕಥೆಯ ಅರ್ಧ ಮಾತ್ರ. ರೋಗಿ ಅನುಭವಿಸುವ ಸಂಕಟದ ಬಹುಪಾಲು, ಕಾಲಿನ ಊತ, ರಾತ್ರಿಯ ಏದುಸಿರು, ಏರುತ್ತಲೇ ಇರುವ ಬಡಿತ, ದಿನದಿನಕ್ಕೆ ಹಿಗ್ಗುವ ಹೃದಯ, ಇವೆಲ್ಲ ದೇಹ ಅವನನ್ನು ಉಳಿಸಲು ಮಾಡಿದ ಪ್ರಯತ್ನದ ಫಲ. ಇದರ ಅರ್ಥವೇನು ಎಂದು ಕೂತು ಯೋಚಿಸಬೇಕಾಗಿದೆ.

ಒಂದು ಗೊಂದಲವನ್ನು ಮೊದಲು ದಾಟಿಬಿಡೋಣ. ಹೃದಯಾಘಾತವೆಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಕೊಳ್ಳುವುದು. ಹೃದಯ ಸ್ತಂಭನವೆಂದರೆ ಬಡಿತವೇ ನಿಂತುಹೋಗುವುದು. ಹೃದಯ ವೈಫಲ್ಯದಲ್ಲಿ ಹೃದಯ ನಿಂತಿರುವುದಿಲ್ಲ. ಬಡಿಯುತ್ತಲೇ ಇರುತ್ತದೆ, ಆದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಕೊಡಲಾಗುವುದಿಲ್ಲ, ಅಥವಾ ಕೊಡಲು ತನ್ನೊಳಗಿನ ಒತ್ತಡವನ್ನು ವಿಪರೀತ ಏರಿಸಿಕೊಳ್ಳಬೇಕಾಗುತ್ತದೆ. ನಮ್ಮ ಪತ್ರಿಕೆಗಳಲ್ಲಿ ಈ ಮೂರೂ ಒಂದೇ ಎಂಬಂತೆ ಬರೆಯುವುದುಂಟು. ಮೊದಲೆರಡು ನಿಮಿಷಗಳ, ಗಂಟೆಗಳ ವಿಷಯ. ಮೂರನೆಯದು ವರ್ಷಗಳ ಬದುಕು.

ಸುಮಾರು 300 ಗ್ರಾಂ ತೂಗುವ ಈ ಸ್ನಾಯು ದಿನಕ್ಕೆ ಒಂದು ಲಕ್ಷ ಸಲ ಬಡಿಯುತ್ತದೆ. ನಿಮಿಷಕ್ಕೆ 5 ಲೀಟರ್ ಎಂದರೆ ದಿನಕ್ಕೆ 7,000 ಲೀಟರಿಗೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಇಷ್ಟು ದುಡಿಯುವ ಅಂಗಕ್ಕೆ ತನ್ನನ್ನು ದುರಸ್ತಿ ಮಾಡಿಕೊಳ್ಳುವ ಶಕ್ತಿ ಇರಲೇಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಶಕ್ತಿ ಬಹಳ ಕಡಿಮೆ. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಅಳೆದ ರೀತಿ ವಿಸ್ಮಯಕರ. ಶೀತಲ ಸಮರದ ಕಾಲದಲ್ಲಿ ಬಯಲಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತು. ಅದು ಬೆಳೆಗೂ ಅನ್ನಕ್ಕೂ, ಅಲ್ಲಿಂದ ಮನುಷ್ಯರ ಜೀವಕೋಶಗಳಿಗೂ ಸೇರಿತು. ಕೋಶದ ಡಿಎನ್‌ಎಯಲ್ಲಿ ಅದರ ಪ್ರಮಾಣ ನೋಡಿದರೆ ಆ ಕೋಶ ಯಾವ ವರ್ಷ ಹುಟ್ಟಿತೆಂದು ಹೇಳಬಹುದು. ಹಾಗೆ ನೋಡಿದಾಗ ಗೊತ್ತಾದದ್ದು: 25ರ ವಯಸ್ಸಿನಲ್ಲಿ ವರ್ಷಕ್ಕೆ ಹೃದಯದ ಸ್ನಾಯುಕೋಶಗಳಲ್ಲಿ ಕೇವಲ 1% ಹೊಸತಾಗುತ್ತವೆ, 75ರ ವಯಸ್ಸಿಗೆ ಅದು ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಹುಟ್ಟಿದಾಗ ತಂದ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಾಯುವ ತನಕ ನಮ್ಮೊಂದಿಗೇ ಇರುತ್ತವೆ.

ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯಲ್ಲಿ ಅಂದಾಜು 200ರಿಂದ 400 ಕೋಟಿ ಸ್ನಾಯುಕೋಶಗಳು. ದೊಡ್ಡ ಹೃದಯಾಘಾತವೊಂದು ಕೆಲವೇ ಗಂಟೆಗಳಲ್ಲಿ ಅವುಗಳಲ್ಲಿ 100 ಕೋಟಿಯಷ್ಟನ್ನು ಕೊಲ್ಲಬಲ್ಲದು. ಸತ್ತ ಜಾಗದಲ್ಲಿ ಬೆಳೆಯುವುದು ಗಾಯದ ಕಲೆ. ಅದು ಸಂಕುಚಿಸಲಾರದು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯ ಬೆಲೆ ಗೊತ್ತಾಗುವುದು ಈ ಲೆಕ್ಕ ಎದುರಿಗಿದ್ದಾಗ. ಆ ಹೊತ್ತಿನ ಜೀವ ಉಳಿಯುವುದು ಒಂದು. ಐದು ವರ್ಷದ ಬಳಿಕ ಅದೇ ಮನುಷ್ಯ ಮೆಟ್ಟಿಲು ಹತ್ತಬಲ್ಲನೇ ಎಂಬುದೂ ಆ ಒಂದೆರಡು ಗಂಟೆಗಳಲ್ಲೇ ತೀರ್ಮಾನವಾಗಿರುತ್ತದೆ.

ಹೃದಯವನ್ನು ದಣಿಸುವ ಕಾರಣಗಳು ಬೇರೆಯೂ ಇವೆ. ಯಾರೂ ಅಳೆಸಿಕೊಳ್ಳದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೆಂಡ, ವೈರಸ್ ಸೋಂಕು, ವಂಶವಾಹಿಯ ದೋಷ, ಕೆಲವು ಕ್ಯಾನ್ಸರ್ ಔಷಧ. ಇವುಗಳಲ್ಲಿ ಎರಡರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನ್ನಿಸುತ್ತದೆ.

ಒಂದು, ಬಡವರ ಮಕ್ಕಳ ಕಾಯಿಲೆಯಾದ ರುಮ್ಯಾಟಿಕ್ ಜ್ವರ. ಇಕ್ಕಟ್ಟಿನ ಮನೆಯಲ್ಲಿ ಮಗುವಿಗೆ ಗಂಟಲು ನೋವು ಬರುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಅದರ ಮೂಲ. ಗಂಟಲು ನಾಲ್ಕು ದಿನದಲ್ಲಿ ವಾಸಿಯಾಗುತ್ತದೆ. ಎರಡು ಮೂರು ವಾರ ಕಳೆದು ಕೀಲುಗಳು ಊದುತ್ತವೆ, ಜ್ವರ ಬರುತ್ತದೆ. ಬ್ಯಾಕ್ಟೀರಿಯಾವನ್ನು ಹೊಡೆಯಲು ಮಗುವಿನ ದೇಹ ತಯಾರಿಸಿದ ಪ್ರತಿಕಾಯಗಳು ಹೃದಯದ ಕವಾಟದ ಅಂಗಾಂಶವನ್ನೂ ಶತ್ರುವೆಂದೇ ತಿಳಿದು ಹೊಡೆಯುತ್ತವೆ, ಎರಡರ ರಚನೆಯಲ್ಲಿ ಅಷ್ಟು ಹೋಲಿಕೆ. ಮತ್ತೆ ಮತ್ತೆ ಹೀಗಾದರೆ ಕವಾಟ ದಪ್ಪಗಾಗಿ ಮುದುಡುತ್ತದೆ. ಇಪ್ಪತ್ತರ ಹುಡುಗಿ ಮದುವೆಯಾಗಿ ಬಸುರಿಯಾದಾಗ ಹೆಚ್ಚಿದ ರಕ್ತವನ್ನು ಆ ಕಿರಿದಾದ ಬಾಗಿಲಿನಿಂದ ದಾಟಿಸಲಾರದೆ ಹೃದಯ ಸೋಲುತ್ತದೆ. ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಚುಚ್ಚುಮದ್ದು ವರ್ಷಗಳ ಕಾಲ ಸಿಕ್ಕಿದ್ದರೆ ಇದನ್ನು ತಡೆಯಬಹುದಿತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡು, 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಿದ ದೇಶೀ ಕವಾಟ ಇಂಥವರಿಗಾಗಿಯೇ ಹುಟ್ಟಿದ್ದು. ವಿದೇಶಿ ಕವಾಟದ ಬೆಲೆ ನಮ್ಮ ಜನರ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಇಲ್ಲಿಯೂ ಹೃದಯವನ್ನು ಕೆಡಿಸಿದ್ದು ರಕ್ಷಣೆಗೆಂದು ಎದ್ದ ಕೈ ಎಂಬುದನ್ನು ಗಮನಿಸಿ.

ಇನ್ನೊಂದು, ಬಾಣಂತಿಯ ಹೃದಯ. ಗರ್ಭದ ಕೊನೆಯ ತಿಂಗಳಿನಿಂದ ಹೆರಿಗೆಯಾದ ಐದು ತಿಂಗಳೊಳಗೆ, ಮೊದಲು ಯಾವ ಹೃದ್ರೋಗವೂ ಇಲ್ಲದ ಹೆಣ್ಣಿನ ಹೃದಯ ಇದ್ದಕ್ಕಿದ್ದಂತೆ ದುರ್ಬಲವಾಗಿ ಹಿಗ್ಗುವುದುಂಟು. ಅವಳಿಗೆ ಸುಸ್ತು. ಬಾಣಂತಿಗೆ ಸುಸ್ತಾಗದೆ ಇನ್ನೇನು ಎನ್ನುತ್ತಾರೆ. ಕಾಲು ಊದಿದೆ. ಬಸುರಿನಲ್ಲಿ ಊದಿದ್ದು ಇನ್ನೂ ಇಳಿದಿಲ್ಲ ಎನ್ನುತ್ತಾರೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರುತ್ತಾಳೆ. ಮಗು ರಾತ್ರಿಯಿಡೀ ಮಲಗಲು ಬಿಡುವುದಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಪ್ರತಿಯೊಂದು ಲಕ್ಷಣಕ್ಕೂ ಮನೆಯಲ್ಲಿ ಒಂದೊಂದು ಉತ್ತರ ಸಿದ್ಧವಾಗಿರುತ್ತದೆ, ಎಲ್ಲವೂ ಪ್ರೀತಿಯಿಂದ ಬಂದ ಉತ್ತರಗಳೇ. ಹೃದಯದ ಒಂದು ಎಕೋ ಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕವರಲ್ಲಿ ಅನೇಕರ ಹೃದಯ ಪೂರ್ತಿ ಚೇತರಿಸಿಕೊಳ್ಳುತ್ತದೆ ಎಂಬುದೇ ಇದನ್ನು ಹೆಚ್ಚು ನೋವಿನದಾಗಿಸುತ್ತದೆ.

ಕಾರಣ ಯಾವುದೇ ಇರಲಿ, ಆಮೇಲಿನ ಹಾದಿ ಹೆಚ್ಚುಕಡಿಮೆ ಒಂದೇ. ಮೊದಲು ಹೃದಯವೇ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಒಳಗೆ ಹೆಚ್ಚು ರಕ್ತ ತುಂಬಿ ಸ್ನಾಯು ಹಿಗ್ಗಿದಷ್ಟೂ ಮುಂದಿನ ಬಡಿತ ಬಲವಾಗುತ್ತದೆ. ಜರ್ಮನಿಯ ಒಟ್ಟೊ ಫ್ರಾಂಕ್, ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಇಬ್ಬರ ಹೆಸರಿನಲ್ಲಿ ಈ ನಿಯಮವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆರೋಗ್ಯವಂತನಲ್ಲಿ ಇದು ಬಡಿತ ಬಡಿತಕ್ಕೂ ನಡೆಯುವ ಸೂಕ್ಷ್ಮ ಹೊಂದಾಣಿಕೆ. ದುರ್ಬಲ ಹೃದಯ ಇದನ್ನೇ ನೆಚ್ಚಿಕೊಂಡು ಹಿಗ್ಗುತ್ತ ಹೋಗುತ್ತದೆ. ಕೋಣೆ ದೊಡ್ಡದಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚು, ಎಳೆತ ಹೆಚ್ಚಾದಷ್ಟೂ ಬೇಕಾದ ಆಮ್ಲಜನಕ ಹೆಚ್ಚು. ಅದನ್ನು ತಂದುಕೊಡಬೇಕಾದ ರಕ್ತವೇ ಕಡಿಮೆಯಿದೆ. ಎಕ್ಸ್‌ರೇಯಲ್ಲಿ ಎದೆಯ ಅರ್ಧಕ್ಕಿಂತ ಹೆಚ್ಚು ಅಗಲ ಆವರಿಸಿದ ಹೃದಯದ ನೆರಳು ಕಂಡಾಗ ‘ಹಾರ್ಟ್ ದೊಡ್ಡದಾಗಿದೆ’ ಎಂದು ವೈದ್ಯರು ಹೇಳುವುದು ಇದನ್ನೇ.

ಆಮೇಲೆ ಮೂತ್ರಪಿಂಡಗಳ ಸರದಿ. ಎರಡೂ ಸೇರಿ 300 ಗ್ರಾಂ ಇದ್ದರೂ ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗ ಅವುಗಳ ಮೂಲಕವೇ ಹರಿಯುತ್ತದೆ. ಆ ಹರಿವು ಇಳಿದರೆ ಅವು ರೆನಿನ್ ಎಂಬ ವಸ್ತುವನ್ನು ಬಿಡುತ್ತವೆ. ರಾಬರ್ಟ್ ಟಿಗರ್‌ಸ್ಟೆಟ್ ಮತ್ತು ಪೆರ್ ಬರ್ಗ್‌ಮನ್ ಇದನ್ನು ಮೊಲದ ಮೂತ್ರಪಿಂಡದಲ್ಲಿ ಕಂಡು 1898ರಲ್ಲಿ ವರದಿ ಮಾಡಿದರು. ರೆನಿನ್‌ನಿಂದ ಆಂಜಿಯೊಟೆನ್ಸಿನ್ ಹುಟ್ಟಿ ನಾಳಗಳನ್ನು ಬಿಗಿಯುತ್ತದೆ. ಅದು ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಬಿಡಿಸುತ್ತದೆ, ಆಲ್ಡೋಸ್ಟೆರಾನ್ ಉಪ್ಪನ್ನು ಹಿಡಿದಿಡುತ್ತದೆ. ಉಪ್ಪು ಇದ್ದಲ್ಲಿ ನೀರು. 9 ಗ್ರಾಂ ಉಪ್ಪು ದೇಹದಲ್ಲಿ ಉಳಿದರೆ ಅದರೊಂದಿಗೆ ಸುಮಾರು 1 ಲೀಟರ್ ನೀರು ಉಳಿಯುತ್ತದೆ. ಬಿಗಿದ ನಾಳಗಳೊಳಗೆ ಹೆಚ್ಚಿದ ರಕ್ತವನ್ನು ತಳ್ಳಬೇಕಾದವರು ಯಾರು? ಆಗಲೇ ಸೋತ ಹೃದಯ. ಇಷ್ಟಕ್ಕೇ ಮುಗಿಯಲಿಲ್ಲ. ಇದೇ ಆಂಜಿಯೊಟೆನ್ಸಿನ್, ಇದೇ ಆಲ್ಡೋಸ್ಟೆರಾನ್ ಹೃದಯದ ಸ್ನಾಯುವಿನ ನಡುನಡುವೆ ನಾರು ಬೆಳೆಸಿ ಅದನ್ನು ಗಡಸಾಗಿಸುತ್ತವೆ.

ಹೃದಯ ಇದನ್ನೆಲ್ಲ ಸುಮ್ಮನೆ ಸಹಿಸುತ್ತದೆ ಎಂದುಕೊಂಡಿದ್ದರು. 1981ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣದ ಸಾರವನ್ನು ಇನ್ನೊಂದು ಇಲಿಗೆ ಚುಚ್ಚಿದರು. ಆ ಇಲಿಯ ಮೂತ್ರದಲ್ಲಿ ಉಪ್ಪು, ನೀರು ಎರಡೂ ಧಾರಾಳವಾಗಿ ಹೊರಬಂದವು. ಹೃದಯವೂ ಹಾರ್ಮೋನು ಸುರಿಸುವ ಗ್ರಂಥಿ ಎಂದು ಅಂದು ತಿಳಿಯಿತು. ತನ್ನ ಗೋಡೆ ವಿಪರೀತ ಎಳೆದುಕೊಂಡಾಗ, ಸಾಕು, ಉಪ್ಪು ನೀರನ್ನು ಬಿಡು ಎಂದು ಅದು ಮೂತ್ರಪಿಂಡಕ್ಕೆ ಹೇಳಿಕಳಿಸುತ್ತದೆ. ವೈಫಲ್ಯದಲ್ಲಿ ಈ ಹಾರ್ಮೋನುಗಳು ರಕ್ತದಲ್ಲಿ ಹಲವು ಪಟ್ಟು ಏರಿರುತ್ತವೆ. ಆದರೆ ಮೂತ್ರಪಿಂಡ ರೆನಿನ್ ಕಡೆಯ ಮಾತನ್ನೇ ಕೇಳುತ್ತದೆ. ಇಂದು ಆಸ್ಪತ್ರೆಯಲ್ಲಿ ಇಂಥ ಹಾರ್ಮೋನನ್ನು ಅಳೆಯುವ ಬಿಎನ್‌ಪಿ ಅಥವಾ ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಿ ರೋಗ ಎಷ್ಟು ತೀವ್ರವೆಂದು ತಿಳಿಯುತ್ತಾರೆ. ಕಾಗದದ ಮೇಲಿನ ಆ ಅಂಕಿ ಹೇಳುವುದು ಹೃದಯ ಎಷ್ಟು ಜೋರಾಗಿ ಬೇಡುತ್ತಿದೆ ಎಂಬುದನ್ನು. ಆ ವರದಿಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ನನಗೆ ಹಾಗೇ ಕಾಣುತ್ತದೆ.

ದೇಹದೊಳಗೆ ಹೀಗೆಲ್ಲ ನಡೆಯುತ್ತಿರುವಾಗ ಹೊರಗೆ ಕಾಣುವುದೇನು? ಸಂಜೆ ಚಪ್ಪಲಿ ಬಿಗಿಯಾಗುತ್ತದೆ. ಮೊಣಕಾಲ ಕೆಳಗಿನ ಮುಂದಿನ ಮೂಳೆಯ ಮೇಲೆ ಹೆಬ್ಬೆಟ್ಟಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒತ್ತಿ ತೆಗೆದರೆ ಬೆರಳಿನ ಗುಳಿ ಹಾಗೆಯೇ ನಿಂತಿರುತ್ತದೆ. ಸುತ್ತಲ ಚರ್ಮ ನುಣ್ಣಗೆ ಹೊಳೆಯುತ್ತದೆ, ಗುಳಿ ನಿಧಾನವಾಗಿ ತುಂಬಿಕೊಳ್ಳುತ್ತದೆ. ರಾತ್ರಿ ಮಲಗಿದ ಮೇಲೆ ಕಾಲಿನಲ್ಲಿ ನಿಂತಿದ್ದ ನೀರು ರಕ್ತಕ್ಕೆ ಮರಳುತ್ತದೆ. ಎರಡು ಮೂರು ಗಂಟೆಯಲ್ಲಿ ಶ್ವಾಸಕೋಶದಲ್ಲಿ ಒತ್ತಡ ಏರಿ, ಗಾಳಿ ಇರಬೇಕಾದೆಡೆಗೆ ನೀರು ಜಿನುಗುತ್ತದೆ. ಮನುಷ್ಯ ಉಸಿರುಗಟ್ಟಿ ಎದ್ದು ಕೂರುತ್ತಾನೆ, ಕಿಟಕಿ ತೆರೆಯುತ್ತಾನೆ, ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ. ಒಂದು ದಿಂಬು ಎರಡಾಗುತ್ತದೆ, ಎರಡು ಮೂರಾಗುತ್ತದೆ. ‘ಎಷ್ಟು ದಿಂಬು ಹಾಕಿಕೊಳ್ಳುತ್ತೀರಿ’ ಎಂದು ವೈದ್ಯರು ಕೇಳುವ ಪ್ರಶ್ನೆ ರೋಗಿಗೆ ವಿಚಿತ್ರವೆನಿಸಬಹುದು, ಆದರೆ ಅದರ ಉತ್ತರದಲ್ಲಿ ರೋಗದ ಅರ್ಧ ಚರಿತ್ರೆ ಇರುತ್ತದೆ.

ಪಕ್ಕದಲ್ಲಿ ಮಲಗಿದವರಿಗೆ ಇನ್ನೊಂದು ಗೊತ್ತಾಗುತ್ತದೆ. ನಿದ್ದೆಯಲ್ಲಿ ಉಸಿರು ಆಳವಾಗುತ್ತ, ಜೋರಾಗುತ್ತ ಏರಿ, ಮತ್ತೆ ಸಣ್ಣಗಾಗುತ್ತ ಬಂದು ನಿಂತೇಹೋಗುತ್ತದೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಮೈಮುಟ್ಟಿ ಎಬ್ಬಿಸಬೇಕೆನ್ನುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಡಬ್ಲಿನ್ನಿನ ವೈದ್ಯ ಜಾನ್ ಚೇನ್ 1818ರಲ್ಲಿ ಇದನ್ನು ದಾಖಲಿಸಿದ. ರಕ್ತದ ಹರಿವು ನಿಧಾನವಾದ್ದರಿಂದ ಶ್ವಾಸಕೋಶದ ಸುದ್ದಿ ರಕ್ತದ ಮೂಲಕ ಮಿದುಳಿಗೆ ತಡವಾಗಿ ಮುಟ್ಟುತ್ತದೆ, ತಡವಾದ ಸುದ್ದಿಗೆ ಮಿದುಳು ಅತಿಯಾಗಿ ಪ್ರತಿಕ್ರಿಯಿಸುತ್ತದೆ ಎಂಬುದು ಇದರ ಹಿಂದಿನ ಮುಖ್ಯ ಕಾರಣ. ಕಾಯಿಲೆ ಒಬ್ಬರದಾದರೂ ನಿದ್ದೆಗೆಡುವವರು ಇಬ್ಬರು. ಎಷ್ಟೋ ಹೆಂಡತಿಯರು ಆ ಮೌನವನ್ನು ಎಣಿಸುತ್ತ ವರ್ಷಗಳನ್ನು ಕಳೆದಿದ್ದಾರೆ.

ಯಕೃತ್ತಿನಲ್ಲಿ ರಕ್ತ ನಿಂತು ಹೊಟ್ಟೆಯ ಬಲಮೇಲ್ಭಾಗ ಭಾರವೆನಿಸುತ್ತದೆ. ಕರುಳು ಊದಿ ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ. ನಮ್ಮಲ್ಲಿ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ತಿಂಗಳುಗಟ್ಟಲೆ ಅದರ ಮಾತ್ರೆ. ಕಾಯಿಲೆ ಮುಂದುವರಿದಂತೆ ತೋಳು ತೊಡೆಗಳ ಮಾಂಸ ಕರಗುತ್ತದೆ. ಕಾಲಲ್ಲಿ ನೀರು ತುಂಬಿರುವುದರಿಂದ ತಕ್ಕಡಿಯ ಮೇಲೆ ಆ ಇಳಿತ ಕಾಣುವುದೇ ಇಲ್ಲ.

‘ಪಂಪಿಂಗ್ 30 ಪರ್ಸೆಂಟ್ ಇದೆಯಂತೆ’ ಎಂದು ಎಕೋ ವರದಿ ಹಿಡಿದು ಕುಗ್ಗಿ ಕೂತವರನ್ನು ಕಂಡಿದ್ದೇನೆ. ಹೃದಯದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಸತ್ತಿದೆ ಎಂದು ಅವರು ತಿಳಿದಿರುತ್ತಾರೆ. ಹಾಗಲ್ಲ. ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಭಾಗ ಹೊರಹೋಗುತ್ತದೆ ಎಂಬ ಅಳತೆ ಅದು. ಅತ್ಯಂತ ಆರೋಗ್ಯವಂತ ಹೃದಯವೂ 55ರಿಂದ 70 ಪರ್ಸೆಂಟ್ ಅಷ್ಟೇ ಹೊರಹಾಕುತ್ತದೆ. ಹೃದಯ ವೈಫಲ್ಯದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಅಂಕಿ ಸಹಜವಾಗಿಯೇ ಇರುತ್ತದೆ. ವಯಸ್ಸಾದವರು, ಬೊಜ್ಜು, ಬಿಪಿ, ಶುಗರ್ ಇರುವವರು, ಅದರಲ್ಲೂ ಹೆಂಗಸರು ಇವರಲ್ಲಿ ಹೆಚ್ಚು. ಅವರ ಹೃದಯ ಚೆನ್ನಾಗಿಯೇ ಹಿಂಡುತ್ತದೆ. ಸಡಿಲಗೊಂಡು ತುಂಬಿಕೊಳ್ಳುವುದು ಅದಕ್ಕೆ ಆಗುವುದಿಲ್ಲ.

ಈ ಸಡಿಲಿಕೆಯ ವಿಷಯ ನನ್ನ ಯೋಚನೆಯ ದಿಕ್ಕನ್ನೇ ಬದಲಿಸಿತು. ಬಿಗಿಯುವುದು ಕೆಲಸ, ಬಿಡುವುದು ಸುಮ್ಮನಿರುವುದು ಎಂದು ನಾವು ಭಾವಿಸುತ್ತೇವೆ. ಹೃದಯದ ಕೋಶದಲ್ಲಿ ಹಾಗಿಲ್ಲ. ಸಂಕುಚಿಸಲು ಹರಡಿದ ಕ್ಯಾಲ್ಸಿಯಂ ಅನ್ನು ಮರಳಿ ಅದರ ಉಗ್ರಾಣಕ್ಕೆ ಸೇರಿಸಿದರೆ ಮಾತ್ರ ಸ್ನಾಯು ಸಡಿಲವಾಗುತ್ತದೆ, ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ದಣಿದ ಕೋಶಕ್ಕೆ ವಿಶ್ರಾಂತಿ ಪಡೆಯಲೂ ತ್ರಾಣ ಸಾಲದು. ಇನ್ನೂ ಒಂದು ಸಂಗತಿ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹರಿಯುವುದು ಬಹುಪಾಲು ಅದು ಸಡಿಲವಾಗಿದ್ದಾಗ. ಹಿಂಡುವಾಗ ಅದರ ಒಳಗಿನ ನಾಳಗಳೂ ಹಿಂಡಿಹೋಗುತ್ತವೆ. ಎಲ್ಲರಿಗೂ ಉಣಿಸುವ ಈ ಅಂಗ ತಾನು ಉಣ್ಣುವುದು ಬಿಡುವಿನಲ್ಲಿ. ನಿಮಿಷಕ್ಕೆ 70 ಬಡಿತವಿದ್ದಾಗ ಪ್ರತಿ ಬಡಿತದ ಮೂರರಲ್ಲಿ ಎರಡು ಪಾಲು ಬಿಡುವು, ದಿನದ ಲೆಕ್ಕದಲ್ಲಿ ಹದಿನೈದು ಗಂಟೆಗೂ ಮಿಕ್ಕಿ. ಬಡಿತ ಏರಿದಾಗ ಕತ್ತರಿ ಬೀಳುವುದು ಆ ಬಿಡುವಿಗೆ. ಎಂದರೆ ನಿಮಿಷಕ್ಕೆ 110, 120 ಎಂದು ದೇಹ ಹೃದಯವನ್ನು ಓಡಿಸುವಾಗ ಅದರ ದುಡಿಮೆಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಅದರ ಊಟದ ಹೊತ್ತನ್ನೂ ಕಿತ್ತುಕೊಳ್ಳುತ್ತಿರುತ್ತದೆ.

ವೈದ್ಯರೂ ಬಹಳ ಕಾಲ ದೇಹದ ದಾರಿಯಲ್ಲೇ ಯೋಚಿಸಿದರು. ಹೃದಯ ಸೋತಿದೆ, ಅದನ್ನು ಬಲವಾಗಿ ಬಡಿಸಬೇಕು. 1785ರಲ್ಲಿ ಬರ್ಮಿಂಗ್‌ಹ್ಯಾಮಿನ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಎಲೆಯ ಬಗ್ಗೆ ಪುಸ್ತಕ ಬರೆದಂದಿನಿಂದ ಡಿಜಿಟಾಲಿಸ್ ಇತ್ತು. ಅದು ಇಂದಿಗೂ ಕೆಲವರಿಗೆ ನೆಮ್ಮದಿ ಕೊಡುತ್ತದೆ, ಆಯುಷ್ಯ ಹೆಚ್ಚಿಸಿದ್ದು ಮಾತ್ರ ಕಂಡಿಲ್ಲ. ಬಳಿಕ ಮಿಲ್ರಿನೋನ್‌ನಂಥ ಪ್ರಬಲ ಮದ್ದುಗಳು ಬಂದವು. ಹೃದಯ ಜೋರಾಗಿ ಬಡಿಯಿತು, ಅಳತೆಗಳು ಸುಧಾರಿಸಿದವು. 1991ರಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ, ಮಿಲ್ರಿನೋನ್ ಮಾತ್ರೆ ನುಂಗಿದವರಲ್ಲಿ ಸಾವು 28% ಹೆಚ್ಚಾಗಿತ್ತು. ಬಸವಳಿದ ಎತ್ತಿಗೆ ಬಾರುಕೋಲಿನಿಂದ ಹೊಡೆದರೆ ನಾಲ್ಕು ಹೆಜ್ಜೆ ಬೇಗ ಇಡುತ್ತದೆ, ಏರು ಹತ್ತುವ ಮೊದಲೇ ನೊಗದಲ್ಲಿ ಕುಸಿಯುತ್ತದೆ.

ಬೇರೆ ದಾರಿ ಅದಕ್ಕೂ ಮೊದಲೇ ಕಂಡಿತ್ತು, ನಂಬಿದವರು ಕಡಿಮೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೀನ್ ಮತ್ತು ಸಹೋದ್ಯೋಗಿಗಳು ಹೃದಯ ಹಿಗ್ಗಿ ದುರ್ಬಲವಾಗಿದ್ದ ಏಳು ಮಂದಿಗೆ ಬೀಟಾ ಬ್ಲಾಕರ್ ಕೊಟ್ಟು, 1975ರಲ್ಲಿ ಅದನ್ನು ಪ್ರಕಟಿಸಿದರು. ಅಡ್ರಿನಲಿನ್‌ನ ಪ್ರಚೋದನೆಯನ್ನು ತಡೆದು ಬಡಿತವನ್ನು ನಿಧಾನಿಸುವ ಔಷಧವದು. ದುರ್ಬಲ ಹೃದಯಕ್ಕೆ ಅದನ್ನು ಕೊಡಲೇಬಾರದು ಎಂಬುದು ಆ ಕಾಲದ ಪಾಠ. ರೋಗಿಗಳು ಸುಧಾರಿಸಿದರು. ಆದರೂ ವೈದ್ಯ ಜಗತ್ತು ಒಪ್ಪಲು ಎರಡು ದಶಕ ಹಿಡಿಯಿತು. 1984ರಲ್ಲಿ ಅಮೆರಿಕದ ಜೇ ಕೋನ್ ಮತ್ತು ತಂಡ ಇನ್ನೊಂದು ದಿಕ್ಕಿನಿಂದ ಅದೇ ಸತ್ಯವನ್ನು ಮುಟ್ಟಿತು: ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ರೋಗಿ ಬೇಗ ಸಾಯುತ್ತಿದ್ದ. ಕೊನೆಗೆ 1999ರಲ್ಲಿ ಬಂದ ಎರಡು ದೊಡ್ಡ ಬೀಟಾ ಬ್ಲಾಕರ್ ಪರೀಕ್ಷೆಗಳಲ್ಲಿ, ಒಂದು ಬಿಸೊಪ್ರೊಲಾಲ್‌ದು, ಇನ್ನೊಂದು ಮೆಟೊಪ್ರೊಲಾಲ್‌ದು, ಸಾವು ಮೂರನೇ ಒಂದು ಭಾಗದಷ್ಟು ಇಳಿದಿತ್ತು. 1987ರಲ್ಲೇ ಎನಲಾಪ್ರಿಲ್ ಆಂಜಿಯೊಟೆನ್ಸಿನ್‌ಗೆ ಅಡ್ಡಗಟ್ಟಿ ತೀವ್ರ ರೋಗಿಗಳ ಆಯುಷ್ಯ ಹೆಚ್ಚಿಸಿತ್ತು. 1999ರಲ್ಲಿ ಸ್ಪೈರೊನೊಲ್ಯಾಕ್ಟೋನ್ ಆಲ್ಡೋಸ್ಟೆರಾನನ್ನು ತಡೆದು ಅದನ್ನೇ ಮಾಡಿತು. 2019ರಲ್ಲಿ, ಸಕ್ಕರೆ ಕಾಯಿಲೆಗೆಂದು ಬಂದಿದ್ದ ಡಾಪಾಗ್ಲಿಫ್ಲೋಜಿನ್ ಸಕ್ಕರೆ ಇಲ್ಲದ ಹೃದ್ರೋಗಿಗಳನ್ನೂ ಉಳಿಸುತ್ತದೆ ಎಂದು ತಿಳಿಯಿತು.

ಈ ಔಷಧಗಳಲ್ಲಿ ಒಂದೂ ಹೃದಯವನ್ನು ಗದರಿಸಿ ಎಬ್ಬಿಸುವುದಿಲ್ಲ. ನೆರವಿಗೆಂದು ಎದ್ದು ಕೂರಲು ಮರೆತ ದೇಹವನ್ನು ಸಮಾಧಾನಪಡಿಸುವುದೇ ಅವುಗಳ ಮುಖ್ಯ ಕೆಲಸ. ಸಮಾಧಾನವಾದ ಮೇಲೆ ಹಿಗ್ಗಿದ ಹೃದಯ ಎಷ್ಟೋ ಜನರಲ್ಲಿ ಕುಗ್ಗಿ ಹಳೆಯ ಆಕಾರದತ್ತ ಮರಳುತ್ತದೆ, 30 ಇದ್ದ ಪಂಪಿಂಗ್ 45, 50 ಆಗುತ್ತದೆ. ಬಲವಂತದಿಂದ ಆಗದ್ದು ಬಿಡುವು ಕೊಟ್ಟಾಗ ಆಯಿತು.

ಹಾಗಾದರೆ ದೇಹ ತಪ್ಪು ಮಾಡಿತೇ? ನನಗೆ ಹಾಗನ್ನಿಸುವುದಿಲ್ಲ. ಅದು ಮಾಡಿದ್ದು ಸರಿಯಾದ ಕೆಲಸವನ್ನೇ. ನಿಲ್ಲಿಸಬೇಕಾದ ಹೊತ್ತು ಅದಕ್ಕೆ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಹಿಂದೆ ಬಿದ್ದಿರಲಿಲ್ಲ. ಗಾಯಗೊಂಡ ಜೀವಿ ಎರಡು ದಿನದಲ್ಲಿ ಸತ್ತಿರುತ್ತಿತ್ತು ಇಲ್ಲವೇ ಬದುಕಿರುತ್ತಿತ್ತು. ಅರ್ಧ ಹೃದಯದೊಡನೆ ಹತ್ತು ವರ್ಷ ಬಾಳುವ ಮನುಷ್ಯನನ್ನು ವಿಕಾಸದ ದಾರಿ ಕಂಡದ್ದೇ ಅಪರೂಪ. ‘ಯಾವ ಪಾಪಕ್ಕೆ ನನಗಿದು’ ಎಂದು ಕೇಳುವ ರೋಗಿಗೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರ ಇಲ್ಲಿದೆ ಎಂದು ನಾನು ನಂಬುತ್ತೇನೆ. ನಿಮ್ಮ ದೇಹ ನಿಮ್ಮ ಮೇಲೆ ಮುನಿದಿಲ್ಲ. ತನಗೆ ಗೊತ್ತಿರುವ ಒಂದೇ ದಾರಿಯಲ್ಲಿ ನಿಮ್ಮನ್ನು ಕಾಯುತ್ತಿದೆ.

ಮನೆಯೊಳಗೂ ಇಂಥದೇ ಒಂದು ಹೊಂದಾಣಿಕೆ ನಡೆಯುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಉಸಿರು ಸಾಲದಾದಾಗ ಮನುಷ್ಯ ಕಷ್ಟವೆಂದು ಹೇಳುವುದಿಲ್ಲ, ತನ್ನ ಬದುಕನ್ನು ಕಿರಿದು ಮಾಡಿಕೊಳ್ಳುತ್ತಾನೆ. ಮೊದಲು ಸಂತೆಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ದೇವಸ್ಥಾನದ ಮೆಟ್ಟಿಲು, ಆಮೇಲೆ ಮಹಡಿ. ಹೆಂಗಸರಲ್ಲಿ ಇದು ಕಣ್ಣಿಗೆ ಬೀಳುವುದು ಇನ್ನೂ ಕಡಿಮೆ. ಒಲೆಯ ಮುಂದೆ ನಿಂತು ಮಾಡುತ್ತಿದ್ದ ಕೆಲಸವನ್ನು ಕುಳಿತು ಮಾಡುತ್ತಾರೆ, ಬಟ್ಟೆಯನ್ನು ಎರಡು ಸಲಕ್ಕೆ ಒಗೆಯುತ್ತಾರೆ, ಅಡುಗೆ ಹೊತ್ತಿಗೆ ಸರಿಯಾಗಿ ಆಗಿರುತ್ತದೆ. ಯಾರೂ ಕೇಳುವುದಿಲ್ಲ. ಆಸ್ಪತ್ರೆಗೆ ಬರುವ ಹೊತ್ತಿಗೆ ಕೋಣೆಯಿಂದ ಬಚ್ಚಲಿಗೆ ನಡೆಯಲಾಗದ ಸ್ಥಿತಿ. 2013ರಲ್ಲಿ ತಿರುವನಂತಪುರ ಜಿಲ್ಲೆಯ 18 ಆಸ್ಪತ್ರೆಗಳಲ್ಲಿ ಹೃದಯ ವೈಫಲ್ಯಕ್ಕೆಂದು ದಾಖಲಾದ 1,205 ಮಂದಿಯ ಲೆಕ್ಕವಿಟ್ಟಾಗ ಅವರಲ್ಲಿ ಹೆಂಗಸರು ಮೂರನೇ ಒಂದು ಭಾಗವೂ ಇರಲಿಲ್ಲ. ಉಳಿದ ಹೆಂಗಸರು ಆರೋಗ್ಯವಾಗಿದ್ದರೋ ಮನೆಯಲ್ಲೇ ಉಳಿದಿದ್ದರೋ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಅದೇ ಲೆಕ್ಕದ ಪ್ರಕಾರ ರೋಗಿಗಳ ಸರಾಸರಿ ವಯಸ್ಸು 61, ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ಒಂದು ವರ್ಷ ತುಂಬುವುದರೊಳಗೆ ನೂರಕ್ಕೆ 31 ಮಂದಿ ತೀರಿಕೊಂಡಿದ್ದರು. ಬೇಕಾದ ಔಷಧಗಳೆಲ್ಲ ಸಿಕ್ಕಿದ್ದು ಅಲ್ಪಸಂಖ್ಯೆಯ ಜನರಿಗೆ. ಅವುಗಳಲ್ಲಿ ಬಹಳಷ್ಟು ಅಗ್ಗದ, ಹಳೆಯ ಮಾತ್ರೆಗಳು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಇನ್ನು ಊಟದ ಉಪ್ಪಿನ ಮಾತು. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ನಾಡು ನಮ್ಮದು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮಜ್ಜಿಗೆಗೆ ಮತ್ತೊಂದು ಚಿಟಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೂ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಟೀ ಚಮಚದಷ್ಟು. ಉಪ್ಪನ್ನು ತೀರಾ ಕಟ್ಟುನಿಟ್ಟಾಗಿ ಇಳಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂದು 2022ರ ದೊಡ್ಡ ಪರೀಕ್ಷೆಯೊಂದರಲ್ಲಿ ಕಾಣಲಿಲ್ಲ, ಆದ್ದರಿಂದ ರೋಗಿಯ ಬಾಯಿಗೆ ಅನ್ನವೇ ಸೇರದಂತೆ ಸಪ್ಪೆ ಮಾಡುವುದು ಬೇಡ. ಊಟದೆಲೆಯ ಮೇಲಿನ ಉಪ್ಪು, ಉಪ್ಪಿನಕಾಯಿ, ಹಪ್ಪಳ ಬಿಟ್ಟರೂ ದೊಡ್ಡ ಪಾಲು ಇಳಿಯುತ್ತದೆ. ‘ಲೋ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಈ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಅದು ಅಪಾಯ, ವೈದ್ಯರನ್ನು ಕೇಳದೆ ಬಳಸಬೇಡಿ.

ನಿಮ್ಮ ಮನೆಯಲ್ಲಿ ಹೃದಯ ವೈಫಲ್ಯ ಇರುವವರಿದ್ದರೆ ನನ್ನ ಕೋರಿಕೆ ಇಷ್ಟು. ದಿನಾ ಬೆಳಿಗ್ಗೆ ಮೂತ್ರ ಮಾಡಿಬಂದು, ತಿಂಡಿಗೆ ಮೊದಲು, ಅವರ ತೂಕ ನೋಡಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ನೀರು. ಉಸಿರು ಕಟ್ಟುವ ತನಕ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಮಂಡಿ ನೋವಿಗೆಂದು ಅಂಗಡಿಯಿಂದ ಡೈಕ್ಲೊಫಿನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ, ಅವು ಉಪ್ಪು ನೀರನ್ನು ಮತ್ತೆ ಹಿಡಿದಿಡುತ್ತವೆ. ಆರಾಮವಾಯಿತೆಂದು ಮಾತ್ರೆ ನಿಲ್ಲಿಸಬೇಡಿ. ಆರಾಮವಾಗಿರುವುದು ಮಾತ್ರೆಯಿಂದ. ನಿಲ್ಲಿಸಿದರೆ ರೆನಿನ್, ಅಡ್ರಿನಲಿನ್ ಮತ್ತೆ ತಮ್ಮ ಹಳೆಯ ಕೆಲಸಕ್ಕೆ ಇಳಿಯುತ್ತವೆ. ಹೃದಯದ ಯಾವ ತೊಂದರೆಯೂ ಇಲ್ಲವೆಂದುಕೊಂಡ ಮನೆಯಲ್ಲೂ ಅಮ್ಮನನ್ನೋ ಅಜ್ಜಿಯನ್ನೋ ಇವತ್ತು ಒಂದು ಮಾತು ಕೇಳಿ: ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ?